ಬಣ್ಣದ ಕೆಳಗಿನ ಕೊಳವೆ: ವಯಸ್ಸಾದ ವಿಹಾರ ನೌಕೆಗಳ ನವೀಕರಣ ಕುರಿತು ಓದುಗರ ಪ್ರಶ್ನೆಗಳು

ಹೊಸ ಮಂಗಳೂರು ಬಂದರಿಗೆ ಬಂದು ಹೋಗುವ ವಿಹಾರ ನೌಕೆಗಳ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿದ್ದವು: ಹಳೆಯ ಹಡಗನ್ನು ನವೀಕರಿಸಿದ್ದೇವೆ ಎಂದು ಕಂಪನಿಯವರು ಹೇಳುವಾಗ ನಿಜಕ್ಕೂ ಏನು ಬದಲಾಗಿರುತ್ತದೆ, ಹಣ ಕೊಟ್ಟು ಹತ್ತುವವರು ಏನನ್ನು ನಿರೀಕ್ಷಿಸಬಹುದು? ಹಲವು ವರ್ಷ ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದು ಈಗ ಮೈಸೂರಿನಲ್ಲಿ ನೆಲೆಸಿರುವ ನನಗೆ ಇದು ಹತ್ತಿರದ ವಿಷಯ. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ದಂಪತಿ ಮೂರು ವರ್ಷಗಳ ಹಿಂದೆ ಸಿಂಗಪುರದಿಂದ ಹೊರಟ ಒಂದು ಹಡಗಿನಲ್ಲಿ ನಾಲ್ಕು ರಾತ್ರಿ ಕಳೆದೆವು. ಸಮುದ್ರವೂ ಸಿಬ್ಬಂದಿಯ ವಿನಯವೂ ಮನಸ್ಸಿಗೆ ಹಿಡಿಸಿದವು. ಆದರೆ ಬಿಸಿನೀರು ಬರಲು ಕಾಲು ಗಂಟೆ ಕಾಯಬೇಕಿತ್ತು, ಶೌಚಾಲಯ ಎರಡು ಸಲ ಕೆಟ್ಟಿತು, ಕೋಣೆಯಲ್ಲಿ ಚರಂಡಿಯ ವಾಸನೆ ಹೋಗಲೇ ಇಲ್ಲ. ಈಗ ಅದೇ ಹಡಗು ‘ಸಂಪೂರ್ಣ ನವೀಕರಣ’ಗೊಂಡಿದೆ ಎಂದು ಏಜೆಂಟರು ಚಿತ್ರಗಳನ್ನು ಕಳುಹಿಸಿದ್ದಾರೆ. ಹೊಸ ರತ್ನಗಂಬಳಿ, ಹೊಸ ಸೋಫಾ, ಹೊಸ ದೀಪಗಳು ಕಾಣುತ್ತವೆ. ಮತ್ತೆ ಹೋಗಬಹುದೇ?
— ಓದುಗ ದಂಪತಿ, ಸರಸ್ವತಿಪುರಂ, ಮೈಸೂರು

ಉತ್ತರ: ನೀವು ಅನುಭವಿಸಿದ ಮೂರು ತೊಂದರೆಗಳೂ ಗೋಡೆಯ ಹಿಂದೆ ಹುಟ್ಟುವಂಥವು, ನಿಮಗೆ ಬಂದಿರುವ ಚಿತ್ರಗಳೆಲ್ಲ ಗೋಡೆಯ ಮುಂದಿನವು. ಮದುವೆಗೆ ಮುಂಚೆ ಹಳೆಯ ಮನೆಗೆ ಸುಣ್ಣಬಣ್ಣ ಮಾಡಿಸಿ, ಗೋಡೆಯೊಳಗೆ ತುಕ್ಕು ಹಿಡಿದ ಪೈಪನ್ನು ಹಾಗೆಯೇ ಬಿಟ್ಟರೆ, ನೆಂಟರು ತುಂಬಿದ ದಿನವೇ ಅದು ಸೋರುತ್ತದೆ. ಹಡಗಿನಲ್ಲಿ ಪ್ರತಿದಿನವೂ ಮನೆ ತುಂಬ ನೆಂಟರು.

ವಿಹಾರ ನೌಕೆಯಲ್ಲಿ ಬಿಸಿನೀರು ಒಂದೆಡೆ ಕಾದು, ಪಂಪಿನ ಬಲದಿಂದ ಉದ್ದನೆಯ ಕೊಳವೆಯೊಂದರಲ್ಲಿ ಸದಾ ಸುತ್ತುತ್ತಿರುತ್ತದೆ. ಪ್ರತಿಯೊಂದು ಸಾಲಿನ ಕೋಣೆಗಳಿಗೂ ಸಮನಾಗಿ ನೀರು ಹಂಚುವ ಕವಾಟಗಳು ಪದರಗಟ್ಟಿ ಮುಚ್ಚಿಕೊಂಡಾಗ ಅಥವಾ ಪಂಪು ಸೊರಗಿದಾಗ, ಹತ್ತಿರದ ಕೋಣೆಗಳಿಗೆ ಸುಡುವ ನೀರೂ ದೂರದ ಕೋಣೆಗಳಿಗೆ ತಣ್ಣೀರೂ ಬರುತ್ತದೆ. ಶೌಚಾಲಯಗಳು ನಮ್ಮ ಮನೆಗಳಂತೆ ನೀರಿನ ಭಾರದಿಂದಲ್ಲ, ನಿರ್ವಾತದ ಸೆಳೆತದಿಂದ ಕೆಲಸ ಮಾಡುತ್ತವೆ. ಒಂದು ಸಾಲಿನ ಹತ್ತಾರು ಕೋಣೆಗಳು ಒಂದೇ ಕೊಳವೆಗೆ ಸೇರಿರುವುದರಿಂದ, ಒಬ್ಬರು ಹಾಕಬಾರದ್ದನ್ನು ಹಾಕಿದರೂ ಒಂದು ಜೋಡಣೆ ಸಡಿಲಗೊಂಡರೂ ಸಾಲಿಗೆ ಸಾಲೇ ನಿಂತುಹೋಗುತ್ತದೆ. ವರ್ಷಗಳು ಉರುಳಿದಂತೆ ಈ ಕೊಳವೆಗಳ ಒಳಮೈಯಲ್ಲಿ ಸುಣ್ಣದಂಥ ಗಟ್ಟಿ ಪದರ ಬೆಳೆದು, ಅಂಗೈ ಅಗಲದ ದಾರಿ ಹೆಬ್ಬೆರಳಿನಷ್ಟಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಆಮ್ಲದಿಂದ ತೊಳೆದರೆ ಸ್ವಲ್ಪ ಕಾಲ ತಳ್ಳಬಹುದು, ಆಮೇಲೆ ಕೊಳವೆಯನ್ನೇ ಬದಲಿಸಬೇಕು. ಅದಕ್ಕೆ ಕೋಣೆಗಳ ಒಳಗೋಡೆ, ಮೇಲ್ಛಾವಣಿಯ ಫಲಕ ಎಲ್ಲವನ್ನೂ ಕಳಚಬೇಕಾಗುತ್ತದೆ. ದುಬಾರಿಯಾದ, ಯಾರ ಕಣ್ಣಿಗೂ ಬೀಳದ ಈ ಕೆಲಸವನ್ನು ಮುಂದಿನ ಸಲಕ್ಕೆ ಎಂದು ಮುಂದೂಡುವ ಆಸೆ ಪ್ರತಿ ಕಂಪನಿಗೂ ಇರುತ್ತದೆ. ಹಾಗೆ ಮುಂದೂಡಿದ ಪಟ್ಟಿಗೆ ಸಹಿ ಬೀಳುವಾಗ ಪಕ್ಕದಲ್ಲಿ ನಿಂತು ನೊಂದವನು ನಾನು. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾರೆ.

ಏಜೆಂಟರಿಗೆ ಹೀಗೆ ಬರೆಯಿರಿ: ಹಡಗು ಡ್ರೈ ಡಾಕ್‌ನಲ್ಲಿ, ಅಂದರೆ ನೀರು ಬರಿದುಮಾಡಿ ಹಡಗು ದುರಸ್ತಿ ಮಾಡುವ ಕಟ್ಟೆಯಲ್ಲಿ, ಎಷ್ಟು ದಿನ ಇತ್ತು, ಕೋಣೆಗಳ ಸ್ನಾನಗೃಹಗಳನ್ನು ಬದಲಿಸಿದ್ದಾರೆಯೇ ಅಥವಾ ಕನ್ನಡಿ ಮತ್ತು ನಲ್ಲಿಗಳನ್ನು ಮಾತ್ರವೇ, ಶೌಚಾಲಯದ ಕೊಳವೆಗಳಲ್ಲಿ ಯಾವ ಡೆಕ್‌ಗಳವು (ಹಡಗಿನ ಅಂತಸ್ತುಗಳವು) ಹೊಸವು, ಹವಾನಿಯಂತ್ರಣದ ಯಂತ್ರಗಳನ್ನು ಮುಟ್ಟಿದ್ದಾರೆಯೇ. ಉತ್ತರ ನಿರ್ದಿಷ್ಟವಾಗಿ ಬಂದರೆ ಧೈರ್ಯವಾಗಿ ಹೋಗಿ. ‘ಎಲ್ಲವೂ ಹೊಸತು ಸರ್’ ಎಂಬ ಒಂದೇ ಸಾಲು ಬಂದರೆ ಇನ್ನೊಂದು ವರ್ಷ ಕಾಯಿರಿ.

ನವೀಕರಣ ಮುಗಿದ ತಕ್ಷಣದ ಮೊದಲ ಯಾನವನ್ನೂ ತಪ್ಪಿಸುವುದು ಒಳ್ಳೆಯದು. ಬ್ರಿಟನ್ನಿನ ಪ್ರಸಿದ್ಧ ಹಡಗು ಕ್ವೀನ್ ಎಲಿಜಬೆತ್ 2, 1994ರಲ್ಲಿ ಹ್ಯಾಂಬರ್ಗ್‌ನಲ್ಲಿ ದೊಡ್ಡ ನವೀಕರಣಕ್ಕೆ ಒಳಗಾಗಿ, ಆ ವರ್ಷದ ಡಿಸೆಂಬರ್‌ನಲ್ಲಿ ಕೆಲಸ ಮುಗಿಯುವ ಮೊದಲೇ ನ್ಯೂಯಾರ್ಕ್ ಕಡೆಗೆ ಹೊರಟಿತು. ಕೋಣೆಗಳು ಸಿದ್ಧವಾಗಿರಲಿಲ್ಲ, ಕೆಲಸಗಾರರು ಪ್ರಯಾಣಿಕರ ನಡುವೆಯೇ ಕೆಲಸ ಮಾಡುತ್ತಿದ್ದರು, ಕೊನೆಗೆ ಕಂಪನಿ ಪರಿಹಾರ ಕೊಡಬೇಕಾಯಿತು. ಅದೇ ಹಡಗಿಗೆ 1986–87ರ ಚಳಿಗಾಲದಲ್ಲಿ ಜರ್ಮನಿಯ ಬ್ರೆಮರ್‌ಹಾಫೆನ್‌ನಲ್ಲಿ ಹಬೆಯಂತ್ರಗಳನ್ನು ಕಿತ್ತು ಒಂಬತ್ತು ಡೀಸೆಲ್ ಎಂಜಿನ್‌ಗಳನ್ನು ಕೂರಿಸಿದ್ದರು. ಹೊರಗಿನವರ ಕಣ್ಣಿಗೆ ಹೆಚ್ಚೇನೂ ಕಾಣದ ಆ ಕೆಲಸದಿಂದಾಗಿ, 1969ರಲ್ಲಿ ಸೇವೆಗೆ ಬಂದ ಹಡಗು 2008ರವರೆಗೂ ಸಾಗರಗಳನ್ನು ದಾಟಿತು.

ಪ್ರಶ್ನೆ: ನಾನು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ರೋಲರ್, ಬಾಯ್ಲರ್ ಎಲ್ಲ ಬಿಚ್ಚಿ ಕಟ್ಟಲು ನಮಗೆ ತಿಂಗಳುಗಳು ಸಿಗುತ್ತಿದ್ದವು. ಅಷ್ಟು ದೊಡ್ಡ ಹಡಗನ್ನು ಎರಡು ಮೂರು ವಾರಗಳಲ್ಲಿ ಮಾಡಿ ಮುಗಿಸುತ್ತಾರೆ ಎಂದು ಓದಿದೆ. ಅದು ಹೇಗೆ ಸಾಧ್ಯ? ನೀರಿನಿಂದ ಎತ್ತುವುದಾದರೂ ಹೇಗೆ?
— ಓದುಗರು, ಮಂಡ್ಯ

ಉತ್ತರ: ಹಡಗನ್ನು ಎತ್ತುವುದಿಲ್ಲ, ನೀರನ್ನು ಇಳಿಸುತ್ತಾರೆ. ಡ್ರೈ ಡಾಕ್ ಎಂದರೆ ಒಂದು ಕಡೆ ಬಾಗಿಲಿರುವ ಬೃಹತ್ ಕಲ್ಯಾಣಿ ಎಂದು ಊಹಿಸಿಕೊಳ್ಳಿ. ಅದರ ನೆಲದ ಮೇಲೆ, ಆಯಾ ಹಡಗಿನ ನಕ್ಷೆಗೆ ತಕ್ಕಂತೆ, ಕಾಂಕ್ರೀಟಿನ ಮೇಲೆ ಮರದ ದಿಮ್ಮಿ ಕೂರಿಸಿದ ನೂರಾರು ಪೀಠಗಳನ್ನು ಮೊದಲೇ ಸಾಲಾಗಿ ಇಟ್ಟಿರುತ್ತಾರೆ. ನೀರು ತುಂಬಿ ಹಡಗನ್ನು ಒಳಗೆ ತಂದು, ಬಾಗಿಲು ಮುಚ್ಚಿ, ನೀರನ್ನು ಪಂಪಿನಿಂದ ಹೊರಹಾಕಿದಂತೆ ಹಡಗು ಮೆಲ್ಲಗೆ ಆ ಪೀಠಗಳ ಮೇಲೆ ಕೂರುತ್ತದೆ. ಪೀಠ ತಾಗಿದ ಜಾಗಕ್ಕೆ ಬಣ್ಣ ಹಚ್ಚಲಾಗುವುದಿಲ್ಲವಾದ್ದರಿಂದ, ಮುಂದಿನ ಸಲ ಬರುವಾಗ ಪೀಠಗಳ ಸ್ಥಾನವನ್ನು ಬದಲಿಸುತ್ತಾರೆ. ನಮ್ಮ ಹತ್ತಿರದ ಉದಾಹರಣೆ ಬೇಕೆಂದರೆ, ಕೊಚ್ಚಿಯ ಹಡಗುಕಟ್ಟೆಯಲ್ಲಿ 2024ರ ಜನವರಿಯಲ್ಲಿ 310 ಮೀಟರ್ ಉದ್ದದ ಹೊಸ ಡ್ರೈ ಡಾಕ್ ಉದ್ಘಾಟನೆಯಾಗಿದೆ.

ನೀರು ಇಳಿದ ಮೇಲಿನ ದೃಶ್ಯವನ್ನು ನಿಮ್ಮಂಥ ಫಿಟ್ಟರ್ ಒಮ್ಮೆ ನೋಡಬೇಕು. ಹಡಗಿನ ತಳಕ್ಕೆ ಅಂಟಿದ ಚಿಪ್ಪುಜೀವಿ ಮತ್ತು ಪಾಚಿಯನ್ನು ಅಧಿಕ ಒತ್ತಡದ ನೀರಿನಿಂದ ಹೊಡೆದು ತೆಗೆಯುತ್ತಾರೆ. ಅವು ಹಾಗೆಯೇ ಉಳಿದರೆ ನೀರಿನ ಎಳೆತ ಹೆಚ್ಚಿ ಇಂಧನ ಹೆಚ್ಚು ಉರಿಯುತ್ತದೆ. ಮೊದಲು ತಳಕ್ಕೆ ತವರದ ಸಂಯುಕ್ತವಿದ್ದ ವಿಷಬಣ್ಣ ಬಳಿಯುತ್ತಿದ್ದರು. ಅದು ಸಮುದ್ರಜೀವಿಗಳಿಗೆ ಮಾರಕವೆಂದು ಸಾಬೀತಾಗಿ, 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಅದನ್ನು ನಿಷೇಧಿಸಿತು. ಈಗ ಚಿಪ್ಪುಜೀವಿಗಳು ಗಟ್ಟಿಯಾಗಿ ಹಿಡಿದುಕೊಳ್ಳಲಾಗದಷ್ಟು ನುಣುಪಾದ ಸಿಲಿಕೋನ್ ಲೇಪಗಳೂ ಬಳಕೆಯಲ್ಲಿವೆ. ಉಪ್ಪುನೀರು ಉಕ್ಕನ್ನು ತಿನ್ನದಂತೆ ತಾವೇ ಸವೆದುಹೋಗುವ ಸತುವಿನ ಗಟ್ಟಿಗಳನ್ನು ಬದಲಿಸುತ್ತಾರೆ. ಶ್ರವಣಾತೀತ ಶಬ್ದದಿಂದ ಉಕ್ಕಿನ ಹಲಗೆಗಳ ದಪ್ಪ ಅಳೆಯುತ್ತಾರೆ. ಲಂಗರಿನ ಸರಪಳಿಯನ್ನು ಪೂರ್ತಿಯಾಗಿ ಡಾಕ್‌ನ ನೆಲಕ್ಕೆ ಇಳಿಸಿ ಕೊಂಡಿ ಕೊಂಡಿಯನ್ನೂ ಪರಿಶೀಲಿಸುತ್ತಾರೆ. ಪ್ರೊಪೆಲ್ಲರ್, ಚುಕ್ಕಾಣಿ, ಓಲಾಟ ತಗ್ಗಿಸುವ ಪಕ್ಕದ ರೆಕ್ಕೆಗಳು ಇವೆಲ್ಲವುಗಳ ಬೇರಿಂಗು ಮತ್ತು ಎಣ್ಣೆ ಸೋರದ ಸೀಲುಗಳ ಸರದಿಯೂ ಆಗಲೇ ಬರುತ್ತದೆ.

ಇನ್ನು ಸಮಯದ ಮಾತು. ಹಡಗು ಡಾಕ್‌ನಲ್ಲಿ ನಿಂತ ಪ್ರತಿ ದಿನವೂ ಟಿಕೆಟ್ ಹಣವಿಲ್ಲದ ದಿನ. ಆದ್ದರಿಂದ ತಯಾರಿ ಒಂದು ವರ್ಷಕ್ಕೂ ಮೊದಲೇ ಆರಂಭವಾಗುತ್ತದೆ: ರತ್ನಗಂಬಳಿ, ಹಾಸಿಗೆ, ಪೀಠೋಪಕರಣಗಳನ್ನು ತುಂಬಿದ ಕಂಟೇನರುಗಳು ಹಡಗಿಗಿಂತ ಮೊದಲೇ ಡಾಕ್ ತಲುಪಿರಬೇಕು, ನೂರಾರು ಕೆಲವೊಮ್ಮೆ ಸಾವಿರಾರು ಕೆಲಸಗಾರರು ಹಗಲುರಾತ್ರಿ ಪಾಳಿಯಲ್ಲಿ ದುಡಿಯಬೇಕು. ಬೆಸುಗೆಯ ಕಿಡಿ ಹಾರುವ ಪ್ರತಿ ಜಾಗದಲ್ಲೂ ಬೆಂಕಿಯ ಕಾವಲಿಗೆ ಒಬ್ಬ ನಿಂತಿರುತ್ತಾನೆ. ಡಾಕ್‌ನಲ್ಲೇ ಆಗಬೇಕಾಗಿಲ್ಲದ ಕೆಲಸಗಳನ್ನು ಹಡಗು ಪ್ರಯಾಣಿಕರನ್ನು ಹೊತ್ತು ಸಾಗುತ್ತಿರುವಾಗಲೇ ಮಾಡುವ ತಂಡಗಳೂ ಇವೆ. ರಜೆಗೆಂದು ಬಂದವರಿಗೆ ಬೆಳಿಗ್ಗೆ ಸುತ್ತಿಗೆಯ ಸದ್ದು ಕೇಳಿಸುವುದು ಅದರಿಂದಲೇ, ಮತ್ತು ಅದನ್ನು ಮೊದಲೇ ತಿಳಿಸದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಎಷ್ಟೇ ತಯಾರಿ ಇದ್ದರೂ ಬಿಚ್ಚಿದ ಮೇಲಷ್ಟೇ ತಿಳಿಯುವ ಸಂಗತಿಗಳಿರುತ್ತವೆ. ನಿಮ್ಮ ಗಾಣಗಳಲ್ಲೂ ಹಾಗೆಯೇ ಆಗಿರುತ್ತದೆ. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಿಂದ ಕಟ್ಟಲಾದ ಹಡಗು, ಬೇರೊಂದು ಕಂಪನಿಯಲ್ಲಿ ಕೆಲವು ವರ್ಷ ಓಡಿ 2016ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಗೆ ಮರಳಿದಾಗ, ಅಡುಗೆಮನೆಗಳಲ್ಲಿ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಕೆಲಸವಿರುವುದು ಗೊತ್ತಾಗಿ ಹಲವು ಯಾನಗಳನ್ನು ರದ್ದುಪಡಿಸಬೇಕಾಯಿತು. ಪ್ರಯಾಣಿಕರಿಗೆ ಬೇಸರವಾದರೂ, ಅರೆಬರೆ ಅಡುಗೆಮನೆಯೊಂದಿಗೆ ಹೊರಡದೆ ನಿಂತದ್ದು ಸರಿಯಾದ ನಿರ್ಧಾರವೇ. ‘ಎಂಪ್ರೆಸ್’ ಎಂಬ ಹೆಸರಿನಿಂದ 2021ರಿಂದ ಮುಂಬಯಿ, ಗೋವಾ, ಲಕ್ಷದ್ವೀಪಗಳ ಕಡೆ ಓಡಲಾರಂಭಿಸಿದ ಹಡಗು ಅದೇ.

ಪ್ರಶ್ನೆ: ಹಳೆಯ ಹಡಗಿಗೆ ಹೊಸ ಬಾಲ್ಕನಿ, ಮೇಲೊಂದು ಅಂತಸ್ತು, ನೀರಿನ ಜಾರುಬಂಡೆ ಸೇರಿಸುತ್ತಾರಂತೆ. ಹಡಗನ್ನು ಕತ್ತರಿಸಿ ಉದ್ದ ಮಾಡುತ್ತಾರೆ ಎಂಬುದೂ ನಿಜವೇ? ಹಾಗೆ ಮಾಡಿದರೆ ಅದು ವಾಲುವುದಿಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕುವೆಂಪುನಗರ, ಮೈಸೂರು

ಉತ್ತರ: ಕತ್ತರಿಸುವುದು ನಿಜ. 1997ರ ‘ಎನ್‌ಚಾಂಟ್‌ಮೆಂಟ್ ಆಫ್ ದಿ ಸೀಸ್’ ಹಡಗನ್ನು 2005ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಅಡ್ಡಲಾಗಿ ಎರಡು ತುಂಡು ಮಾಡಿ, ಫಿನ್‌ಲೆಂಡಿನಲ್ಲಿ ಕಟ್ಟಿ ತಂದ 22 ಮೀಟರ್ ಉದ್ದದ ಹೊಸ ಭಾಗವನ್ನು ನಡುವೆ ಸೇರಿಸಿ ಬೆಸೆದರು. ಅದರಿಂದ 151 ಹೊಸ ಕೋಣೆಗಳು ಸಿಕ್ಕವು. 2014–15ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಎಂಎಸ್‌ಸಿ ಕಂಪನಿಯ ನಾಲ್ಕು ಹಡಗುಗಳು ಒಂದಾದ ಮೇಲೊಂದರಂತೆ ಹೀಗೆಯೇ ತಲಾ 24 ಮೀಟರ್ ಬೆಳೆದವು. ಉಕ್ಕಿನ ಹಲಗೆಗಳಿಗಿಂತಲೂ ಕಷ್ಟವಾದದ್ದು ಕತ್ತರಿಸಿದ ಸಾವಿರಾರು ತಂತಿ, ಕೊಳವೆಗಳನ್ನು ಒಂದೊಂದಾಗಿ ಮತ್ತೆ ಜೋಡಿಸುವುದು.

ಉದ್ದ ಹೆಚ್ಚಿಸುವುದಕ್ಕಿಂತ ಎತ್ತರ ಹೆಚ್ಚಿಸುವುದು ಸೂಕ್ಷ್ಮವಾದ ವಿಷಯ. ಮೇಲಿನ ಡೆಕ್‌ನಲ್ಲಿ ಸೇರಿಸಿದ ಪ್ರತಿ ಟನ್ನೂ ಹಡಗಿನ ಗುರುತ್ವಕೇಂದ್ರವನ್ನು ಮೇಲಕ್ಕೆ ಎಳೆಯುತ್ತದೆ, ಹಡಗು ವಾಲಿದಾಗ ನೆಟ್ಟಗಾಗುವ ಶಕ್ತಿ ಅಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಪ್ರಯಾಣಿಕರ ಹಡಗುಗಳ ಖಾಲಿ ತೂಕವನ್ನು ಐದು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡಬೇಕೆಂಬ ನಿಯಮವಿದೆ. ಅದು ಶೇ. 2ಕ್ಕಿಂತ ಹೆಚ್ಚು ಬದಲಾಗಿದ್ದರೆ ಗೊತ್ತಾದ ತೂಕಗಳನ್ನು ಡೆಕ್‌ನ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿ, ಹಡಗು ಎಷ್ಟು ವಾಲಿತೆಂದು ಅಳೆದು, ಸ್ಥಿರತೆಯ ಲೆಕ್ಕವನ್ನು ಮೊದಲಿನಿಂದ ಮಾಡಬೇಕು. ಹಳೆಯ ಹಡಗಿನ ತೂಕ ಸುಮ್ಮನೆಯೂ ಏರುತ್ತಿರುತ್ತದೆ, ಏಕೆಂದರೆ ಬಣ್ಣದ ಮೇಲೆ ಬಣ್ಣ, ನಿರುಪಯೋಗಿಯಾದರೂ ತೆಗೆಯದೆ ಬಿಟ್ಟ ತಂತಿಗಳು, ಮೂಲೆಯಲ್ಲಿ ಪೇರಿಸಿದ ಸಾಮಾನು ಎಲ್ಲವೂ ಅದಕ್ಕೆ ಸೇರುತ್ತವೆ. ಕೆಲವು ಹಡಗುಗಳಿಗೆ ಹಿಂಭಾಗದಲ್ಲಿ ನೀರಿನ ಮಟ್ಟದಲ್ಲಿ ಬಾಲದಂಥ ಉಕ್ಕಿನ ಭಾಗವನ್ನು ಸೇರಿಸಿ ತೇಲುವ ಶಕ್ತಿ ಹೆಚ್ಚಿಸಿರುವುದೂ ಉಂಟು. ನೀವು ಓದುತ್ತಿರುವ ವಿಷಯ ಯಾವುದೇ ಆಗಿದ್ದರೂ ಈ ಪರೀಕ್ಷೆಯ ಗಣಿತವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ, ಅದು ಪಿಯುಸಿ ಭೌತಶಾಸ್ತ್ರವನ್ನು ಮೀರಿದ್ದೇನಲ್ಲ.

ಪ್ರಶ್ನೆ: ಮೂವತ್ತು ವರ್ಷ ದಾಟಿದ ಹಡಗಿನಲ್ಲಿ ಹೋಗುವುದು ಸುರಕ್ಷಿತವೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ವಯಸ್ಸೊಂದನ್ನೇ ನೋಡಿ ತೀರ್ಮಾನಿಸಬೇಡಿ. ಪ್ರಯಾಣಿಕರ ಹಡಗಿನ ಸುರಕ್ಷತಾ ಪ್ರಮಾಣಪತ್ರದ ಅವಧಿ 12 ತಿಂಗಳು ಮಾತ್ರ. ಐದು ವರ್ಷಗಳಲ್ಲಿ ಕನಿಷ್ಠ ಎರಡು ಬಾರಿ ಅದರ ತಳವನ್ನು ಡ್ರೈ ಡಾಕ್‌ನಲ್ಲಿ ಪರೀಕ್ಷಿಸಲೇಬೇಕು. 1990ರ ಏಪ್ರಿಲ್‌ನಲ್ಲಿ ‘ಸ್ಕ್ಯಾಂಡಿನೇವಿಯನ್ ಸ್ಟಾರ್’ ಹಡಗಿಗೆ ಬೆಂಕಿ ಬಿದ್ದು 159 ಮಂದಿ ತೀರಿಕೊಂಡ ಮೇಲೆ, ಹಳೆಯ ಹಡಗುಗಳಿಗೂ ನೀರು ಸಿಂಪಡಿಸುವ ವ್ಯವಸ್ಥೆ, ಹೊಗೆಯ ಸೂಚಕ, ನೆಲಮಟ್ಟದಲ್ಲಿ ದಾರಿ ತೋರುವ ದೀಪಗಳು ಕಡ್ಡಾಯವಾದವು. 2010ರ ಅಕ್ಟೋಬರ್‌ನಿಂದ ಉರಿಯುವ ವಸ್ತುಗಳಿಂದ ಕಟ್ಟಿದ ಹಳೆಯ ಪ್ರಯಾಣಿಕರ ಹಡಗುಗಳು ಅಂತರರಾಷ್ಟ್ರೀಯ ಯಾನ ಮಾಡುವಂತಿಲ್ಲ. ಆ ನಿಯಮಗಳಿಂದಾಗಿ, ಮರದ ಒಳಗೋಡೆಗಳಿದ್ದ ಅನೇಕ ಸುಂದರ ಹಡಗುಗಳು ಗುಜರಾತಿನ ಅಲಂಗ್ ಕಡಲತೀರದಲ್ಲಿ ಒಡೆಯಲ್ಪಟ್ಟವು. ಅದು ದುಃಖದ ಸಂಗತಿ, ಆದರೂ ನಿಯಮ ಸರಿಯಾದದ್ದೇ.

ದೀರ್ಘಾಯುಷ್ಯಕ್ಕೆ ಉದಾಹರಣೆಯಾಗಿ ‘ಸ್ಟಾಕ್‌ಹೋಮ್’ ಎಂಬ ಹಡಗನ್ನು ಹೇಳಬಹುದು. 1948ರಲ್ಲಿ ಸೇವೆಗೆ ಬಂದ ಅದು 1956ರಲ್ಲಿ ‘ಆಂಡ್ರಿಯಾ ಡೋರಿಯಾ’ ಹಡಗಿಗೆ ಡಿಕ್ಕಿ ಹೊಡೆಯಿತು. ಮುಳುಗಿದ್ದು ಆಂಡ್ರಿಯಾ ಡೋರಿಯಾ. ಮೂತಿ ಜಜ್ಜಿಹೋದ ಸ್ಟಾಕ್‌ಹೋಮ್ ದುರಸ್ತಿಯಾಗಿ, 1990ರ ದಶಕದಲ್ಲಿ ಜಿನೋವಾದಲ್ಲಿ ಹೊರಕವಚವೊಂದನ್ನು ಉಳಿಸಿಕೊಂಡು ಬಹುಪಾಲು ಹೊಸದಾಗಿ ಕಟ್ಟಲ್ಪಟ್ಟು, ಬೇರೆ ಬೇರೆ ಹೆಸರುಗಳಲ್ಲಿ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಯಾಣಿಕರನ್ನು ಹೊತ್ತಿತು. ನೀವು ಹತ್ತಲಿರುವ ಹಡಗು ಯಾವ ವರ್ಷದ್ದು, ಯಾವ ಸಂಸ್ಥೆ ಅದನ್ನು ಪರಿಶೀಲಿಸಿದೆ, ಯಾವುದಾದರೂ ಬಂದರಿನಲ್ಲಿ ದೋಷಕ್ಕಾಗಿ ತಡೆಹಿಡಿದಿದ್ದರೇ ಎಂಬುದನ್ನು ‘ಈಕ್ವಾಸಿಸ್’ ಎಂಬ ಉಚಿತ ದತ್ತಕೋಶದಲ್ಲಿ ಯಾರು ಬೇಕಾದರೂ ನೋಂದಾಯಿಸಿಕೊಂಡು ನೋಡಬಹುದು.

ಪ್ರಶ್ನೆ: ಮಗಳೊಂದಿಗೆ ಒಂದೇ ಹಡಗಿನಲ್ಲಿ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಗ್ರಂಥಾಲಯವಿತ್ತು, ಹಡಗಿನ ಸುತ್ತ ಪೂರ್ತಿ ನಡೆಯಲು ಮರದ ಹಾಸಿನ ದಾರಿಯಿತ್ತು. ನವೀಕರಣದ ನಂತರ ಗ್ರಂಥಾಲಯದ ಜಾಗದಲ್ಲಿ ಕೋಣೆಗಳು ಬಂದಿದ್ದವು, ಮೇಲಿನ ಡೆಕ್‌ನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸಂಗೀತ. ಪ್ರಯಾಣಿಕರನ್ನು ಯಾರೂ ಕೇಳುವುದಿಲ್ಲವೇ?
— ಓದುಗರು, ಜಯಲಕ್ಷ್ಮಿಪುರಂ, ಮೈಸೂರು

ಉತ್ತರ: ಕೇಳುತ್ತಾರೆ, ಯಾನದ ಕೊನೆಯ ದಿನ ಅಭಿಪ್ರಾಯದ ನಮೂನೆ ಬರುತ್ತದೆ. ಆದರೆ ಗ್ರಂಥಾಲಯದಿಂದ ಆದಾಯವಿಲ್ಲ, ಅದೇ ಜಾಗದ ಕೋಣೆಗಳಿಂದ ಪ್ರತಿ ವಾರ ಆದಾಯವಿದೆ. ಲೆಕ್ಕ ಬರೆಯುವವರಿಗೆ ಇದು ಸುಲಭದ ಆಯ್ಕೆ, ಹಡಗನ್ನು ಪ್ರೀತಿಸುವವರಿಗೆ ನಷ್ಟ. ನಾನು ಎರಡನೆಯವರ ಕಡೆಗಿದ್ದೇನೆ. ನನ್ನ ಅನುಭವದಲ್ಲಿ ಹಳೆಯ ಹಡಗನ್ನು ಹುಡುಕಿಕೊಂಡು ಹತ್ತುವವರು ಜಾರುಬಂಡೆಗಾಗಿ ಬರುವವರಲ್ಲ. ನೀರಿಗೆ ಹತ್ತಿರವಾದ ತಗ್ಗಿನ ಡೆಕ್, ಒಂದು ವಾರದಲ್ಲಿ ಪರಿಚಯವಾಗಿಬಿಡುವ ಮುಖಗಳು, ನೆರಳಿನಲ್ಲಿ ಒಂದು ಕುರ್ಚಿ, ಸದ್ದಿಲ್ಲದ ಒಂದು ಮೂಲೆ, ಇವೇ ಅವರ ಬಯಕೆ. ದೊಡ್ಡ ಹೊಸ ಹಡಗು ಕೊಡಲಾಗದ ಇವನ್ನೇ ನವೀಕರಣದ ಹೆಸರಿನಲ್ಲಿ ಕಳೆದುಬಿಟ್ಟರೆ, ಹಳೆಯ ಹಡಗಿನ ಬಳಿ ಉಳಿಯುವುದು ವಯಸ್ಸು ಮಾತ್ರ.

ಜನದಟ್ಟಣೆ ಅಂದಾಜಿಸಲು ಒಂದು ಸರಳ ಲೆಕ್ಕವಿದೆ. ಹಡಗಿನ ಗ್ರಾಸ್ ಟನೇಜನ್ನು, ಕೋಣೆಗೆ ಇಬ್ಬರಂತೆ ಹಿಡಿಸುವ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಗ್ರಾಸ್ ಟನೇಜ್ ಎಂದರೆ ತೂಕವಲ್ಲ, ಹಡಗಿನೊಳಗಿನ ಒಟ್ಟು ಅವಕಾಶದ ಅಳತೆ. ಮೇಲೆ ಹೇಳಿದ ಎಂಪ್ರೆಸ್ ಸುಮಾರು 48,500 ಟನೇಜ್, 1,600 ಪ್ರಯಾಣಿಕರು, ಅಂದರೆ ತಲೆಗೆ ಸುಮಾರು 30. ‘ಐಕಾನ್ ಆಫ್ ದಿ ಸೀಸ್’ ಎಂಬ 2024ರ ದೈತ್ಯ ಹಡಗಿನಲ್ಲಿ ಸುಮಾರು 44. ನೀವು ಹೋದ ಹಡಗಿನ ಈ ಅಂಕಿಯನ್ನು ನವೀಕರಣಕ್ಕೆ ಮೊದಲು ಮತ್ತು ನಂತರ ಲೆಕ್ಕ ಹಾಕಿ ನೋಡಿ. ಅದು ಇಳಿದಿದ್ದರೆ ಹೊಸ ಕೋಣೆಗಳು ಯಾರ ಜಾಗವನ್ನು ತಿಂದವೆಂದು ತಿಳಿಯುತ್ತದೆ. ಅಭಿಪ್ರಾಯದ ನಮೂನೆಯಲ್ಲಿ ಈ ಅಂಕಿಯನ್ನೇ ಬರೆಯಿರಿ. ‘ಚೆನ್ನಾಗಿಲ್ಲ’ ಎಂಬುದಕ್ಕಿಂತ ಅದಕ್ಕೆ ಹೆಚ್ಚು ತೂಕವಿದೆ.

ಪ್ರಶ್ನೆ: ನವೀಕರಣವಾದ ಹಡಗಿನಲ್ಲಿ ಶುದ್ಧ ಸಸ್ಯಾಹಾರ, ಫಿಲ್ಟರ್ ಕಾಫಿ ಸಿಗುತ್ತದೆಯೇ?
— ಓದುಗರು, ಮದ್ದೂರು

ಉತ್ತರ: ಭಾರತದಿಂದ ಹೊರಡುವ ಹಡಗುಗಳಲ್ಲಿ ಸಸ್ಯಾಹಾರಕ್ಕೆ ಕೊರತೆಯಿಲ್ಲ. ಪ್ರತ್ಯೇಕ ಅಡುಗೆಮನೆ ಇದೆಯೇ ಅಥವಾ ಪ್ರತ್ಯೇಕ ಪಾತ್ರೆಗಳು ಮಾತ್ರವೇ ಎಂಬುದನ್ನು ಕೇಳಿ ತಿಳಿಯಿರಿ, ಏಕೆಂದರೆ ಹಳೆಯ ಹಡಗಿನಲ್ಲಿ ಅಡುಗೆಮನೆಯನ್ನು ವಿಭಜಿಸುವುದು ದೊಡ್ಡ ಕೆಲಸ. ಕಾಫಿ ಪುಡಿಯನ್ನೂ ಪುಟ್ಟ ಫಿಲ್ಟರನ್ನೂ ಮನೆಯಿಂದಲೇ ಒಯ್ಯಿರಿ. ಕೋಣೆಯಲ್ಲಿ ಕೆಟಲ್ ಇಲ್ಲದಿದ್ದರೆ ಊಟದ ಸಭಾಂಗಣದಲ್ಲಿ ಬಿಸಿನೀರು ಸಿಗುತ್ತದೆ. ಕಾಯಿಸುವ ವಿದ್ಯುತ್ ಉಪಕರಣವನ್ನು ಮಾತ್ರ ಒಯ್ಯಬೇಡಿ, ಬೆಂಕಿಯ ಭಯದಿಂದ ಅದನ್ನು ಹತ್ತುವಾಗಲೇ ತೆಗೆದಿಡುತ್ತಾರೆ.

ಪ್ರಶ್ನೆ: ನನ್ನ ತಾಯಿಗೆ 78 ವರ್ಷ, ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ. ಸಮುದ್ರದ ಮೇಲೆ ಒಮ್ಮೆ ಸೂರ್ಯೋದಯ ನೋಡಬೇಕೆಂಬುದು ಅವರ ಆಸೆ. ನಮಗೆ ಹೊಂದುವ ದರದಲ್ಲಿರುವುದು ನವೀಕರಿಸಿದ ಹಳೆಯ ಹಡಗು. ಕರೆದುಕೊಂಡು ಹೋಗಬಹುದೇ?
— ಓದುಗರು, ಪಾಂಡವಪುರ

ಉತ್ತರ: ಖಂಡಿತ ಕರೆದುಕೊಂಡು ಹೋಗಿ, ಆದರೆ ಮೊದಲು ಅಳತೆಗಳನ್ನು ತರಿಸಿಕೊಳ್ಳಿ. ಹಳೆಯ ಹಡಗುಗಳಲ್ಲಿ ಸಾಮಾನ್ಯ ಕೋಣೆಯ ಬಾಗಿಲು ಕಿರಿದು, ಸ್ನಾನಗೃಹಕ್ಕೆ ನೀರು ಹೊರಬಾರದಂತೆ ಎತ್ತರದ ಹೊಸ್ತಿಲು, ತೆರೆದ ಡೆಕ್‌ಗೆ ಹೋಗುವ ಬಾಗಿಲಲ್ಲಿ ಅಲೆಯ ನೀರು ನುಗ್ಗದಂತೆ ಇನ್ನೂ ಎತ್ತರದ ಉಕ್ಕಿನ ಹೊಸ್ತಿಲು ಇರುತ್ತವೆ. ನವೀಕರಣದಲ್ಲಿ ಕೆಲವು ಕೋಣೆಗಳನ್ನು ಮಾತ್ರ ಹೊಸ್ತಿಲಿಲ್ಲದಂತೆ, ಬಾಗಿಲು ಅಗಲಿಸಿ ಮಾರ್ಪಡಿಸಿರುತ್ತಾರೆ. ಅವು ಬೆರಳೆಣಿಕೆಯಷ್ಟಿರುವುದರಿಂದ ಬೇಗ ಭರ್ತಿಯಾಗುತ್ತವೆ. ತಾಯಿಯವರ ಗಾಲಿಕುರ್ಚಿಯ ಅಗಲವನ್ನು ಚಕ್ರದ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಕೋಣೆಯ ಬಾಗಿಲು, ಸ್ನಾನಗೃಹದ ಬಾಗಿಲು ಮತ್ತು ಲಿಫ್ಟಿನ ಬಾಗಿಲು ಮೂರರ ಅಗಲವನ್ನೂ ಸೆಂಟಿಮೀಟರಿನಲ್ಲಿ ಬರಹದ ಮೂಲಕ ಕೇಳಿ. ಲಕ್ಷದ್ವೀಪದಂಥ ಕಡೆ ಹಡಗು ದೂರದಲ್ಲಿ ಲಂಗರು ಹಾಕಿ, ಪ್ರಯಾಣಿಕರನ್ನು ಚಿಕ್ಕ ದೋಣಿಯಲ್ಲಿ ದಡಕ್ಕೆ ಒಯ್ಯುತ್ತಾರೆ. ಅಲೆಯ ಮೇಲೆ ಏಳುತ್ತ ಇಳಿಯುತ್ತ ಇರುವ ಆ ದೋಣಿಗೆ ಗಾಲಿಕುರ್ಚಿಯನ್ನು ಇಳಿಸುವುದು ಕಷ್ಟ, ಅಂದು ನೀವು ಅವರೊಂದಿಗೆ ಹಡಗಿನಲ್ಲೇ ಉಳಿಯಬೇಕಾಗಬಹುದು.

ಸೂರ್ಯೋದಯಕ್ಕಾಗಿ ಬಾಲ್ಕನಿಯ ಕೋಣೆಗೆ ಹೆಚ್ಚು ಹಣ ಕೊಡಬೇಕಾಗಿಲ್ಲ, ಹಡಗು ಯಾವ ದಿಕ್ಕಿಗೆ ಸಾಗುತ್ತದೆ ಎಂಬುದರ ಮೇಲೆ ಬಾಲ್ಕನಿಗೆ ಬೆಳಗಿನ ಸೂರ್ಯ ಬೀಳದೆಯೂ ಹೋಗಬಹುದು. ಹಿಂದಿನ ಸಂಜೆಯೇ ಸ್ವಾಗತದ ಮೇಜಿನಲ್ಲಿ ವಿಚಾರಿಸಿ, ಹೊಸ್ತಿಲಿಲ್ಲದ ಬಾಗಿಲಿನಿಂದ ಹೋಗಬಹುದಾದ ಪೂರ್ವದ ಬದಿಯ ತೆರೆದ ಡೆಕ್ ಯಾವುದೆಂದು ತಿಳಿದುಕೊಂಡು, ಸೂರ್ಯ ಮೂಡುವ ಅರ್ಧ ಗಂಟೆ ಮೊದಲೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಗಾಳಿ ಜೋರಾಗಿರುತ್ತದೆ, ಒಂದು ದಪ್ಪ ಶಾಲು ಜೊತೆಗಿರಲಿ.